ಎರಡು ಕೈಗಳ ನಡುವಿನ ಕೂಸು

ಹಾಲುಗಲ್ಲದ ಕೂಸನ್ನು ಹೆತ್ತವರಲ್ಲದ ಕೈಗೆ ಒಪ್ಪಿಸುವುದು ಹೊಸ ಸಂಗತಿಯೇನಲ್ಲ. ದೇವಕಿಯ ಮಗ ಯಶೋದೆಯ ಮಡಿಲಲ್ಲಿ ಬೆಳೆದ. ಮಕ್ಕಾದ ಕುರೈಶ್ ಮನೆತನದಲ್ಲಿ ಹುಟ್ಟಿದ ಪ್ರವಾದಿ ಮುಹಮ್ಮದರು(ಸ) ಮರುಭೂಮಿಯ ಬನೂ ಸಅದ್ ಬುಡಕಟ್ಟಿನ ಹಲೀಮಾರ ಎದೆಹಾಲು ಕುಡಿದು ಬೆಳೆದರು. ಮಕ್ಕಾದವರು ತಮ್ಮ ಮಕ್ಕಳನ್ನು ಹೀಗೆ ಕಳುಹಿಸುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಪೇಟೆಗಿಂತ ಮರುಭೂಮಿಯ ಗಾಳಿ ಒಳ್ಳೆಯದು, ಅಲ್ಲಿಯ ಜನರ ಅರಬಿ ಹೆಚ್ಚು ಶುದ್ಧ ಎಂಬ ನಂಬಿಕೆ ಅವರಿಗಿತ್ತು. ಅಂದರೆ ಸಾಕುವವಳ ರೀತಿನೀತಿ ತಮ್ಮದಕ್ಕಿಂತ ಬೇರೆ ಎಂಬುದು ಅವರಿಗೆ ದೂರಾಗಿರಲಿಲ್ಲ. ಮಗುವನ್ನು ಕಳುಹಿಸುತ್ತಿದ್ದುದೇ ಅದಕ್ಕಾಗಿ.

ಇಂದು ನಾವು ಮಗುವನ್ನು ಒಪ್ಪಿಸುವ ಬಗೆ ಇದಕ್ಕೆ ತಿರುವುಮುರುವು. ಬೆಂಗಳೂರಿನ ಒಂದು ಫ್ಲ್ಯಾಟಿಗೆ ಬೆಳಗ್ಗೆ ಎಂಟಕ್ಕೆ ಆಯಾ ಬರುತ್ತಾಳೆ. ಆಕೆ ರಾಯಚೂರು ಕಡೆಯವಳಿರಬಹುದು, ಬಂಗಾಳದವಳೂ ಇರಬಹುದು. ಮನೆಯವರು ಮಂಗಳೂರಿನವರೋ ದಿಲ್ಲಿಯವರೋ ಆಗಿರಬಹುದು. ಇನ್ನೊಂದು ಬಡಾವಣೆಯಲ್ಲಿ ಗಾರ್ಮೆಂಟ್ಸ್ ಕೆಲಸದ ತಾಯಿ ತನ್ನ ಎಂಟು ತಿಂಗಳ ಮಗುವನ್ನು ಕಾರ್ಖಾನೆಯ ಶಿಶುಪಾಲನಾ ಕೋಣೆಯಲ್ಲಿ ಬಿಟ್ಟು ಮೆಷಿನ್ನಿನ ಮುಂದೆ ಕೂರುತ್ತಾಳೆ. ಭಾಷೆ, ಜಾತಿ, ಧರ್ಮ, ಸಂಬಳ ಯಾವುದೂ ಒಂದಲ್ಲದ ಇಬ್ಬರು ಒಂದೇ ಕೂಸನ್ನು ದಿನಕ್ಕೆ ಒಂಬತ್ತು ಹತ್ತು ಗಂಟೆಯ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಅವರ ನಡುವೆ ತಕರಾರು ಹುಟ್ಟುವುದು ತೀರಾ ಸಣ್ಣ ವಿಷಯಗಳಿಗೆ. ಅತ್ತಾಗ ಎತ್ತಿಕೊಳ್ಳಬೇಕೇ, ಸ್ವಲ್ಪ ಹೊತ್ತು ಬಿಡಬೇಕೇ? ರಾಗಿ ಸರಿಯನ್ನು ಕೈಯಲ್ಲಿ ತಿನ್ನಿಸಬೇಕೇ, ಬಟ್ಟಲನ್ನು ಮಗುವಿನ ಮುಂದಿಟ್ಟು ಚೆಲ್ಲಾಡಲು ಬಿಡಬೇಕೇ? ದೃಷ್ಟಿಬೊಟ್ಟು ಇರಲೇ, ತಾಯಿತ ಬಿಚ್ಚಲೇ?

ಇಂಥಲ್ಲಿ ಯಾರು ಬಾಗಬೇಕು? ಹೆತ್ತವರ ಮಾತೇ ಕೊನೆ ಎನ್ನುವವರಿದ್ದಾರೆ. ತಿಳಿದವರು ಹೇಳಿದಂತೆ ಆಗಲಿ ಎನ್ನುವವರಿದ್ದಾರೆ. ಅದೂ ಸ್ವಲ್ಪ, ಇದೂ ಸ್ವಲ್ಪ ಎಂದು ಪಂಚಾಯಿತಿ ಮಾಡುವವರೂ ಇದ್ದಾರೆ. ಈ ಮೂರೂ ಉತ್ತರಗಳು ಸುಲಭವಾಗಿರುವುದೇ ನನಗೆ ಅನುಮಾನ ತರುತ್ತದೆ. ಯಾರ ಬಗ್ಗೆ ಈ ತೀರ್ಮಾನವೋ ಆ ಕೂಸಿಗೆ ಮಾತು ಬರುವುದಿಲ್ಲ. ಅದರ ಪರವಾಗಿ ಮಾತಾಡುತ್ತಿದ್ದೇವೆ ಎಂದುಕೊಳ್ಳುವ ಇಬ್ಬರೂ ಬಹುಮಟ್ಟಿಗೆ ತಮ್ಮ ಬಾಲ್ಯದ ಪರವಾಗಿ ಮಾತಾಡುತ್ತಿರುತ್ತಾರೆ.

ಒಂದೇ ಒಂದು ವಿಷಯವನ್ನು ಹಿಡಿದು ನೋಡೋಣ. ಸ್ವಲ್ಪ ಮುಜುಗರದ್ದು, ಆದರೆ ಮಕ್ಕಳಿರುವ ಮನೆಯಲ್ಲಿ ಮುಜುಗರಕ್ಕೆ ಜಾಗವೆಲ್ಲಿ? ಮಗುವಿನ ಉಚ್ಚೆ.

ನಮ್ಮ ಅಜ್ಜಿಯರು ಕೂಸಿನ ಕತ್ತು ನಿಲ್ಲುವ ಮೊದಲೇ ಅದನ್ನು ಪಾದಗಳ ಮೇಲೆ ಕೂರಿಸಿಕೊಂಡು ‘ಸ್ಸ್ಸ್’ ಎನ್ನುತ್ತಿದ್ದರು. ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದ ಮೇಲೆ ಒಮ್ಮೆ. ಕೆಲವೇ ವಾರಗಳಲ್ಲಿ ಆ ಸದ್ದಿಗೂ ಮಗುವಿಗೂ ಒಂದು ಒಪ್ಪಂದ ಏರ್ಪಡುತ್ತಿತ್ತು. ಬಟ್ಟೆ ಒದ್ದೆಯಾಗುವುದು ಕಡಿಮೆಯಾಗುತ್ತಿತ್ತು. ಈಗ ಇದೇ ಅಜ್ಜಿಯ ವಯಸ್ಸಿನ ಆಯಾ ನಗರದ ಒಂದು ಮನೆಯಲ್ಲಿ ಹೀಗೆ ಮಾಡಿದರೆ ತಾಯಿ ಗಾಬರಿಯಾಗುತ್ತಾಳೆ. ‘ಈಗಲೇ ಬೇಡ, ಒತ್ತಾಯ ಮಾಡಬಾರದು, ಎರಡು ವರ್ಷವಾಗಲಿ, ಡಯಾಪರ್ ಇದೆಯಲ್ಲ’ ಎನ್ನುತ್ತಾಳೆ. ಆಯಾಳಿಗೆ ಇದು ಸೋಮಾರಿತನದಂತೆ ಕಾಣುತ್ತದೆ. ಹೊಲಸಿನಲ್ಲೇ ಮಗುವನ್ನು ಮಲಗಿಸುವುದೇ ಎಂದು ಅವಳಿಗೆ ಸಂಕಟ. ತಾಯಿಗೋ, ಆಯಾಳದ್ದು ಹಿಂಸೆಯಂತೆ ಕಾಣುತ್ತದೆ.

ತಾಯಿಯ ಮಾತಿನ ಹಿಂದೆ ಒಂದು ಚರಿತ್ರೆ ಇದೆ. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ ಒಂದು ಪ್ರಬಂಧ ಬರೆದರು. ಮಗು ತಾನಾಗಿ ಸಿದ್ಧವಾಗುವವರೆಗೆ, ಸುಮಾರು ಒಂದೂವರೆ ವರ್ಷ ದಾಟುವವರೆಗೆ ಕಾಯಿರಿ, ಒತ್ತಾಯ ಮಾಡಬೇಡಿ ಎಂದರು. ಅಲ್ಲಿ ಅದಕ್ಕೆ ಮೊದಲು ಗದರಿಸಿ, ಶಿಕ್ಷಿಸಿ ಕಲಿಸುವ ರೂಢಿ ಇತ್ತು. ಅದನ್ನು ಬಿಡಿಸಿದ ಈ ಸಲಹೆ ಕರುಣೆಯದ್ದೇ. ಆ ಪ್ರಬಂಧಕ್ಕಿಂತ ಒಂದು ವರ್ಷ ಮೊದಲು, 1961ರಲ್ಲಿ, ಪ್ಯಾಂಪರ್ಸ್ ಎಂಬ ಬಿಸಾಡುವ ಡಯಾಪರ್ ಮಾರುಕಟ್ಟೆಗೆ ಬಂದಿತ್ತು. 1990ರ ದಶಕದ ಕೊನೆಗೆ ಅದೇ ವೈದ್ಯರು ಅದೇ ಡಯಾಪರಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಜಾಹೀರಾತಿಗಾಗಿ ಅವರು ಅಭಿಪ್ರಾಯ ಕಟ್ಟಿಕೊಂಡರು ಎನ್ನುವುದು ಅನ್ಯಾಯ, ಏಕೆಂದರೆ ಅಭಿಪ್ರಾಯ ಮೂವತ್ತೈದು ವರ್ಷ ಹಳೆಯದು. ಆದರೆ ಒಂದು ಕಾಲದ, ಒಂದು ದೇಶದ ಸಲಹೆ ಹೇಗೆ ಮಾರುಕಟ್ಟೆಯ ಬೆನ್ನೇರಿ ಜಗತ್ತಿನ ಎಲ್ಲ ಮಕ್ಕಳ ‘ವಿಜ್ಞಾನ’ವಾಗುತ್ತದೆ ಎಂಬುದನ್ನಂತೂ ಗಮನಿಸಬೇಕು.

1977ರಲ್ಲಿ ಡಿವ್ರೀಸ್ ದಂಪತಿ ಪೂರ್ವ ಆಫ್ರಿಕಾದ ಡಿಗೋ ಜನರ ಬಗ್ಗೆ ಬರೆದರು. ಅಲ್ಲಿಯ ತಾಯಂದಿರು ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ಕಾಲ ಮೇಲೆ ಕೂರಿಸಿ ಸದ್ದು ಮಾಡಿ ರೂಢಿ ಮಾಡಿಸುತ್ತಾರೆ. ಐದಾರು ತಿಂಗಳೊಳಗೆ ಮಗು ಹೆಚ್ಚುಕಡಿಮೆ ಹದಕ್ಕೆ ಬರುತ್ತದೆ. ಗದರಿಕೆ ಇಲ್ಲ, ಹೊಡೆತ ಇಲ್ಲ. ಸಾಕ್ಷಾತ್ ನಮ್ಮ ಅಜ್ಜಿಯರ ಪದ್ಧತಿ!

ಹಾಗಾದರೆ ತಾಯಿ ತಪ್ಪು, ಆಯಾ ಸರಿಯೇ? ಇಲ್ಲಿಯೇ ಸ್ವಲ್ಪ ನಿಲ್ಲಬೇಕು. ಕ್ಯಾಲಿಫೋರ್ನಿಯಾದಲ್ಲಿ ಶಿಶುಪಾಲಕರಿಗೆ ಪಾಠ ಹೇಳುತ್ತಿದ್ದ ಜಾನೆಟ್ ಗೊನ್ಸಾಲೆಜ್-ಮೀನಾ ಪಾಲಕರು ಮತ್ತು ಮನೆಯವರ ನಡುವಿನ ಇಂಥ ಭಿನ್ನಾಭಿಪ್ರಾಯಗಳ ಬಗ್ಗೆಯೇ 1993ರಲ್ಲಿ ಒಂದು ಪುಸ್ತಕ ಬರೆದವರು. ಅವರು ತೋರಿಸಿಕೊಟ್ಟ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ‘ಮಗು ಕಲಿತಿದೆ’ ಎಂಬ ಮಾತಿಗೆ ಇಬ್ಬರ ಬಾಯಲ್ಲಿ ಎರಡು ಅರ್ಥ. ಒಬ್ಬಳಿಗೆ ಕಲಿಯುವುದೆಂದರೆ ಮಗು ತಾನೇ ನಡೆದುಹೋಗಿ, ತಾನೇ ಚಡ್ಡಿ ಇಳಿಸಿ, ಕೆಲಸ ಮುಗಿಸಿ ಬರುವುದು. ಅದಕ್ಕೆ ಎರಡು ವರ್ಷವಾದರೂ ಬೇಕೇ ಬೇಕು. ಇನ್ನೊಬ್ಬಳಿಗೆ ಕಲಿಯುವುದೆಂದರೆ ಹಿರಿಯಳೂ ಕೂಸೂ ಸೇರಿ ಒಂದು ಜೋಡಿಯಾಗಿ ಕಲಿಯುವುದು. ಕೂಸಿನ ಮುಖ ಕೆಂಪಾದದ್ದನ್ನು ಇವಳು ಓದುತ್ತಾಳೆ, ಇವಳ ಸದ್ದನ್ನು ಅದು ಓದುತ್ತದೆ. ಅದಕ್ಕೆ ಐದು ತಿಂಗಳು ಸಾಕು. ಇಬ್ಬರೂ ಹೇಳುತ್ತಿರುವುದು ನಿಜವೇ. ಆದರೆ ಒಬ್ಬಳು ‘ಒಂಟಿ ಮಗು’ವನ್ನು ಕಲ್ಪಿಸಿಕೊಂಡಿದ್ದಾಳೆ, ಇನ್ನೊಬ್ಬಳು ‘ಜೊತೆಯಲ್ಲಿರುವ ಮಗು’ವನ್ನು. ಒಬ್ಬಳಿಗೆ ಬೇಕಾದದ್ದು ನಾಳೆ ತನ್ನ ಕಾಲ ಮೇಲೆ ತಾನು ನಿಲ್ಲುವ ಮನುಷ್ಯ. ಇನ್ನೊಬ್ಬಳಿಗೆ ಬೇಕಾದದ್ದು ಇನ್ನೊಬ್ಬರಿಗೆ ಆತುಕೊಳ್ಳಲು, ಇನ್ನೊಬ್ಬರನ್ನು ಆತುಕೊಳ್ಳಲು ಬಲ್ಲ ಮನುಷ್ಯ.

ಕೈಯಲ್ಲಿ ತಿನ್ನಿಸುವುದು, ಪಕ್ಕದಲ್ಲಿ ಮಲಗಿಸುವುದು, ಸದಾ ಎತ್ತಿಕೊಂಡಿರುವುದು, ಎಲ್ಲ ಜಗಳಗಳ ತಳದಲ್ಲೂ ಇದೇ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಹೈಡಿ ಕೆಲರ್ ಅವರು ಕ್ಯಾಮರೂನಿನ ನ್ಸೋ ರೈತ ಹೆಂಗಸರಿಗೆ ಜರ್ಮನ್ ತಾಯಂದಿರ ವಿಡಿಯೋಗಳನ್ನು ತೋರಿಸಿದ್ದರು. ಚಾಪೆಯ ಮೇಲೆ ಅಂಗಾತ ಮಲಗಿ ಆಟಿಕೆ ನೋಡುತ್ತಿರುವ ಕೂಸುಗಳನ್ನು ಕಂಡು, ಇವುಗಳನ್ನು ಯಾಕೆ ಯಾರೂ ಎತ್ತಿಕೊಳ್ಳುವುದಿಲ್ಲ ಎಂದು ನ್ಸೋ ಹೆಂಗಸರಿಗೆ ಅಚ್ಚರಿ. ಅತ್ತ ಬುಡಾಪೆಸ್ಟಿನಲ್ಲಿ 1946ರಲ್ಲಿ ಅನಾಥ ಶಿಶುಗಳಿಗಾಗಿ ಮನೆ ಕಟ್ಟಿದ ಎಮ್ಮಿ ಪಿಕ್ಲರ್ ಎಂಬ ವೈದ್ಯೆ, ತಾನಾಗಿ ಕೂರಲು ಬಾರದ ಮಗುವನ್ನು ಕೂರಿಸುವುದೇ ಅದಕ್ಕೆ ಮಾಡುವ ಅಗೌರವ ಎಂದು ನಂಬಿದ್ದರು. ದಿಂಬು ಒತ್ತಿ ಕೂರಿಸಿ ಫೋಟೋ ತೆಗೆಸುವ ನಮಗೆ ಇದು ವಿಚಿತ್ರ. ಆದರೆ ಪಿಕ್ಲರ್ ಮಗುವನ್ನು ಪ್ರೀತಿಸಲಿಲ್ಲ ಎಂದು ಹೇಳಲು ಯಾರಿಗೆ ಸಾಧ್ಯ?

ಇಷ್ಟು ಹೇಳಿ ‘ಎಲ್ಲರದ್ದೂ ಸರಿ’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಕೂಸಿನ ಜೀವ ತೀರಾ ನಾಜೂಕು. ಕೆಲವು ವಿಷಯಗಳಲ್ಲಿ ಒಬ್ಬರು ತಪ್ಪೇ ಆಗಿರುತ್ತಾರೆ, ಆ ತಪ್ಪಿಗೆ ಬೆಲೆ ತೆರುವುದು ಕೂಸು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿ ಹಿಂದೂ ಮನೆಗಳಲ್ಲೂ ಇದೆ, ಮುಸ್ಲಿಮ್ ಮನೆಗಳಲ್ಲೂ ಇದೆ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಶಿಶುವಿನ ಕರುಳಿನಲ್ಲಿ ಬೆಳೆದು ವಿಷವಾಗಬಲ್ಲದು. ಅಪರೂಪ ನಿಜ, ಆದರೆ ಬಂದರೆ ಮಗುವಿನ ಉಸಿರಾಟಕ್ಕೇ ಕುತ್ತು. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಪತ್ತೆಯಾಗಿದೆ. ಇಲ್ಲಿ ಆಯಾ ಆಗಲಿ, ಅತ್ತೆಯೇ ಆಗಲಿ, ‘ನಾವೆಲ್ಲ ಹೀಗೇ ಬೆಳೆದದ್ದು’ ಎಂದರೆ ಒಪ್ಪುವಂತಿಲ್ಲ. ದೃಷ್ಟಿಬೊಟ್ಟು ಬೇಕೇ ಬೇಕೆಂದರೆ ಕಣ್ಣಿಗೆ ಬೇಡ, ಕೈಗೆ ಬೇಡ, ಮಗು ಬೆರಳಿಟ್ಟು ಬಾಯಿಗೆ ಹಾಕಿಕೊಳ್ಳಲಾಗದ ಅಂಗಾಲಿಗಿರಲಿ ಎಂದು ಒಪ್ಪಿಸುವ ಜಾಣ ನರ್ಸ್‌ಗಳಿದ್ದಾರೆ. ಅಂಗಾಲೂ ಬಾಯಿಗೆ ಹೋಗುವ ವಯಸ್ಸೊಂದಿದೆ ಎಂಬುದು ಬೇರೆ ಮಾತು.

ಆದರೆ ‘ಇದು ಸುರಕ್ಷತೆಯ ಪ್ರಶ್ನೆ’ ಎಂಬ ಮಾತು ಓದಿದವರ ಕೈಯಲ್ಲಿ ಬಹಳ ಸಲೀಸಾದ ಕೋಲು. ಅದನ್ನು ಎತ್ತುವ ಮೊದಲು ಒಂದು ದಾರುಣ ಕತೆಯನ್ನು ನೆನಪಿಡಬೇಕು. ಕಳೆದ ಶತಮಾನದ ಮಧ್ಯಭಾಗದಿಂದ ಹಲವು ದಶಕ ಪಾಶ್ಚಾತ್ಯ ದೇಶಗಳ ಪುಸ್ತಕಗಳು, ವೈದ್ಯರು, ದಾದಿಯರು ಕೂಸನ್ನು ಬೋರಲು ಮಲಗಿಸಿ ಎಂದು ಹೇಳಿಕೊಟ್ಟರು. ಅಂಗಾತ ಮಲಗಿದರೆ ಕಕ್ಕಿದ್ದು ಗಂಟಲಿಗೆ ಸಿಕ್ಕೀತು ಎಂಬ ಭಯ. ಲೋಕಪ್ರಸಿದ್ಧ ವೈದ್ಯ ಸ್ಪಾಕ್ ಅವರ ಪುಸ್ತಕವೂ ಇದನ್ನೇ ಹೇಳಿತು. ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಶಿಶುಗಳ ಸಂಖ್ಯೆ ಅಲ್ಲಿ ಏರಿತು. 1985ರಲ್ಲಿ ಹಾಂಗ್‌ಕಾಂಗಿನಿಂದ ಬಂದ ಒಂದು ವರದಿ, ಇಲ್ಲಿ ಇಂಥ ಸಾವು ಅಪರೂಪ ಎಂದಿತು. ಅಲ್ಲಿಯ ಚೀನೀ ಮನೆಗಳಲ್ಲಿ ಕೂಸನ್ನು ಅಂಗಾತ ಮಲಗಿಸುವುದೇ ವಾಡಿಕೆ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ಶುರುವಾಯಿತು, ಸಾವುಗಳು ಗಣನೀಯವಾಗಿ ಇಳಿದವು. ಲಭ್ಯವಿದ್ದ ಪುರಾವೆಯನ್ನು 1970ರ ಸುಮಾರಿಗೇ ಒಟ್ಟುಗೂಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳು ಉಳಿಯಬಹುದಿತ್ತು ಎಂದು 2005ರ ಒಂದು ಅಧ್ಯಯನ ಲೆಕ್ಕ ಹಾಕಿತು.

ಆ ವರ್ಷಗಳಲ್ಲಿ ವಲಸೆ ಹೋದ ಯಾವುದೋ ಅಜ್ಜಿ, ಲಂಡನ್ನಿನಲ್ಲಿ ಮೊಮ್ಮಗನನ್ನು ಅಂಗಾತ ಮಲಗಿಸಿ ದಾದಿಯ ಕೈಯಲ್ಲಿ ಬೈಸಿಕೊಂಡಿರಲಾರಳೇ? ಅವಳ ಬಳಿ ಪುರಾವೆ ಇರಲಿಲ್ಲ, ರೂಢಿ ಮಾತ್ರ ಇತ್ತು. ದಾದಿಯ ಬಳಿಯೂ ಇದ್ದದ್ದು ರೂಢಿಯೇ, ಆದರೆ ಬಿಳಿ ಸಮವಸ್ತ್ರ ತೊಟ್ಟ ರೂಢಿ. ಆದ್ದರಿಂದ ಯಾವುದಾದರೂ ಪದ್ಧತಿ ಅಪಾಯ ಎನ್ನುವವರು, ಅವರು ಯಾರೇ ಇರಲಿ, ಏನು ಅಪಾಯ, ಹೇಗೆ ಗೊತ್ತು ಎಂದು ಬಿಡಿಸಿ ಹೇಳುವ ಹೊಣೆಯನ್ನೂ ಹೊರಬೇಕು. ಜೇನಿನ ವಿಷಯದಲ್ಲಿ ಅದು ಎರಡು ನಿಮಿಷದ ಮಾತು. ‘ಕೈಯಲ್ಲಿ ತಿನ್ನಿಸಿದರೆ ಮಗು ಹಾಳಾಗುತ್ತದೆ’ ಎಂಬುದನ್ನು ಹಾಗೆ ಬಿಡಿಸಿ ಹೇಳಲು ಕುಳಿತರೆ ಮಾತು ಮುಗಿಯುವ ಮುನ್ನವೇ ಅದು ತಮ್ಮ ಇಷ್ಟಾನಿಷ್ಟ ಎಂದು ಹೇಳುವವರಿಗೇ ತಿಳಿದುಬಿಡುತ್ತದೆ.

‘ಸಂಸ್ಕೃತಿ’ ಎಂಬ ಮಾತೂ ಅಷ್ಟೇ ಸಲೀಸಾದ ಕೋಲು ಎಂಬುದನ್ನು ನಾವು ಒಪ್ಪಬೇಕು. ಅಡುಗೆ ಮಾಡುವವಳು ದಲಿತ ಹೆಂಗಸು ಎಂಬ ಕಾರಣಕ್ಕೆ ಮಕ್ಕಳನ್ನು ಶಾಲೆಯ ಊಟದಿಂದ, ಅಂಗನವಾಡಿಯಿಂದ ದೂರವಿಟ್ಟ ಘಟನೆಗಳು ನಮ್ಮ ರಾಜ್ಯದಲ್ಲೂ ವರದಿಯಾಗಿವೆ. 2023ರ ಬಳಿಕ ಕರ್ನಾಟಕ ಸರಕಾರ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದಾಗ ಊರಿನ ಕೂಲಿಕಾರ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆಗೆ ನಿಲ್ಲಿಸಿತು. ಒಳ್ಳೆಯ ಯೋಚನೆ. ಮಗುವಿಗೆ ತನ್ನ ಊರಿನ ಮಾತು, ತನ್ನ ಊರಿನ ಊಟ. ಆದರೆ ಊರಿನ ಕೇರಿಗಳೂ ಅದರೊಂದಿಗೇ ಬರುತ್ತವೆ. ‘ನಮ್ಮ ಮಗುವಿಗೆ ಮೊಟ್ಟೆ ಬೇಡ’ ಎಂದು ತಾಯಿ ಹೇಳಿದರೆ, ‘ನಮ್ಮ ಮಗುವಿಗೆ ಹಲಾಲ್ ಅಲ್ಲದ್ದು ಬೇಡ’ ಎಂದು ಇನ್ನೊಬ್ಬಳು ಹೇಳಿದರೆ, ಆರೈಕೆ ಮಾಡುವವರು ಮರುಮಾತಿಲ್ಲದೆ ಕೇಳಬೇಕು. ಅದು ತನ್ನ ಮಗುವಿನ ತಟ್ಟೆಯ ಮಾತು. ‘ಅವಳು ನನ್ನ ಮಗುವನ್ನು ಮುಟ್ಟಬಾರದು’ ಎಂದರೆ ಅದು ತಟ್ಟೆಯ ಮಾತಾಗಿ ಉಳಿಯುವುದಿಲ್ಲ. ಇನ್ನೊಬ್ಬಳ ಮನುಷ್ಯತ್ವದ ಬಗ್ಗೆ ಕೊಟ್ಟ ತೀರ್ಪು ಅದು. ಅದನ್ನು ಭಿನ್ನ ಸಂಸ್ಕೃತಿ ಎಂದು ಗೌರವಿಸಿ ಆ ಹೆಂಗಸನ್ನು ಅಡುಗೆ ಕೋಣೆಯಿಂದ ಅಂಗಳಕ್ಕೆ ಬದಲಿಸುವ ಅಧಿಕಾರಿ ಸೌಹಾರ್ದ ಕಾಪಾಡಿದೆ ಎಂದುಕೊಂಡರೆ ಅದು ಸುಳ್ಳು. ನಮ್ಮ ಮನೆಗಳಲ್ಲಿ ಆಯಾಳಿಗೆ ಬೇರೆ ಲೋಟ ಇಟ್ಟು ಅದೇ ಕೈಗೆ ಕೂಸನ್ನು ಕೊಡುತ್ತೇವಲ್ಲ, ಅದಕ್ಕೂ ಒಂದು ಹೆಸರು ಹುಡುಕಬೇಕು.

ಲೋಟದ ಮಾತು ಬಂದ ಮೇಲೆ ಅಧಿಕಾರದ ಮಾತನ್ನೂ ಆಡಬೇಕು. ಶಿಶುಪಾಲನೆಯ ಭಿನ್ನಾಭಿಪ್ರಾಯಗಳನ್ನು ‘ಮಾತುಕತೆಯಿಂದ ಬಗೆಹರಿಸಿಕೊಳ್ಳಿ’ ಎನ್ನುವ ಸಲಹೆ ಚೆನ್ನಾಗಿದೆ, ಇಬ್ಬರಿಗೂ ಮಾತಾಡಲು ಆಗುವುದಿದ್ದರೆ. ಫ್ಲ್ಯಾಟಿನ ಆಯಾ ಮಾತಾಡುವುದಿಲ್ಲ. ‘ಆಯ್ತಕ್ಕಾ’ ಎನ್ನುತ್ತಾಳೆ. ಬಾಗಿಲು ಮುಚ್ಚಿದ ಮೇಲೆ ತನಗೆ ತಿಳಿದಂತೆ ಮಾಡುತ್ತಾಳೆ. ಮನೆಯವರು ಕ್ಯಾಮೆರಾ ಹಾಕಿಸುತ್ತಾರೆ. ಕ್ಯಾಮೆರಾ ಇಲ್ಲದ ಮೂಲೆ ಯಾವುದೆಂದು ಅವಳು ಕಂಡುಕೊಳ್ಳುತ್ತಾಳೆ. ಇದನ್ನು ಕಪಟ ಎನ್ನುವುದು ಸುಲಭ. ಆದರೆ ಕೆಲಸ ಕಳೆದುಕೊಳ್ಳುವ ಭಯವಿಲ್ಲದೆ ಅವಳು ‘ಅಕ್ಕಾ, ನನಗೆ ಹೀಗನ್ನಿಸುತ್ತದೆ’ ಎಂದು ಹೇಳಬಹುದಾದ ಒಂದು ಗಳಿಗೆಯನ್ನಾದರೂ ನಾವು ಕೊಟ್ಟಿದ್ದೆವೇ?

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಪಾತ್ರಗಳು ಅದಲುಬದಲು. ಅಲ್ಲಿ ಮಾತಾಡದವಳು ತಾಯಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾನೂನಿಗೆ ತಂದ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು ಎಂದಿತು. ಹೋಗಿಬರುವ ಹಕ್ಕನ್ನು ಕಾನೂನು ಕೊಡಬಲ್ಲದು. ಹೋದಾಗ ‘ಮೇಡಂ, ಇವನು ತೊಟ್ಟಿಲಿಲ್ಲದೆ ಮಲಗುವುದಿಲ್ಲ’ ಎಂದು ಹೇಳುವ ಧೈರ್ಯವನ್ನು ಕೊಡಲಾರದು. ಯಾರು ಬಾಗಬೇಕು ಎಂಬ ಪ್ರಶ್ನೆಗೆ ಎಲ್ಲ ಕಡೆಗೂ ಸಲ್ಲುವ ಒಂದೇ ಉತ್ತರ ಇಲ್ಲದಿರುವುದು ಇದರಿಂದಲೇ. ಎಲ್ಲಿ ಯಾರ ಬಾಯಿ ಕಟ್ಟಿದೆಯೋ ಅಲ್ಲಿ ಅವರನ್ನು ಮೊದಲು ಕೇಳಬೇಕು. ಒಪ್ಪಲೇಬೇಕೆಂದೇನಿಲ್ಲ, ಕೇಳಬೇಕು.

ಕೇಳದೆ ಹೋದರೆ ಏನಾಗುತ್ತದೆ ಎಂಬುದರ ತುತ್ತತುದಿಯನ್ನು ನಾವು ನಾರ್ವೆಯಲ್ಲಿ ನೋಡಿದ್ದೇವೆ. 2011ರ ಮೇ ತಿಂಗಳಲ್ಲಿ ಸ್ಟಾವೆಂಜರ್ ನಗರದಲ್ಲಿ ಒಂದು ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿಯ ಮಕ್ಕಳ ರಕ್ಷಣಾ ಇಲಾಖೆ ವಶಕ್ಕೆ ತೆಗೆದುಕೊಂಡಿತು. ಚಿಕ್ಕದು ಇನ್ನೂ ಎದೆಹಾಲು ಕುಡಿಯುವ ಹೆಣ್ಣು ಕೂಸು. ಕೈಯಲ್ಲಿ ಉಣ್ಣಿಸಿದ್ದು, ಮಕ್ಕಳನ್ನು ತಮ್ಮ ಹಾಸಿಗೆಯಲ್ಲೇ ಮಲಗಿಸಿಕೊಂಡದ್ದು ತಪ್ಪಾಯಿತು ಎಂದು ಮನೆಯವರು ಹೇಳಿದರು. ಸಂಸ್ಕೃತಿಯ ಪ್ರಶ್ನೆಯೇ ಅಲ್ಲ, ಕಾರಣಗಳು ಬೇರೆ, ಗೌಪ್ಯತೆಯಿಂದಾಗಿ ಹೇಳಲಾಗದು ಎಂದು ಇಲಾಖೆ ಹೇಳಿತು. ಎರಡು ಸರಕಾರಗಳು ಮಾತಾಡಿಕೊಂಡ ಮೇಲೆ 2012ರ ಏಪ್ರಿಲಿನಲ್ಲಿ ಮಕ್ಕಳು ಚಿಕ್ಕಪ್ಪನ ಜೊತೆ ಭಾರತಕ್ಕೆ ಬಂದರು. ತಾಯಿಯ ಮಡಿಲು ಸೇರಲು 2013ರಲ್ಲಿ ಕೋಲ್ಕತಾ ಹೈಕೋರ್ಟಿನ ಆದೇಶವೇ ಬೇಕಾಯಿತು. ಆ ಮನೆಯೊಳಗೆ ನಿಜವಾಗಿ ಏನಿತ್ತೆಂದು ದೂರದಲ್ಲಿ ಕುಳಿತು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. 2023ರ ಸಿನಿಮಾ ನೋಡಿ ಕಣ್ಣೀರು ಹಾಕಿದವರಿಗೂ ಇಲ್ಲ. ಅಷ್ಟು ಮಾತ್ರ ಸ್ಪಷ್ಟ: ಒಂದು ಕಡೆಗೆ ಪೂರ್ತಿ ಅಧಿಕಾರ, ಇನ್ನೊಂದು ಕಡೆಗೆ ಬರೀ ಭಯ ಇರುವಲ್ಲಿ ತಾಯಿಯ ಅಳುವೂ ಅವಳ ವಿರುದ್ಧ ಸಾಕ್ಷಿಯಾಗಬಹುದು. ದೂರದ ನಾರ್ವೆಯನ್ನು ಬೈಯುವ ನಾವು ನಮ್ಮ ಆಯಾಳ ಮುಂದೆ ಚಿಕ್ಕ ನಾರ್ವೆಗಳೇ ಆಗಿರುತ್ತೇವೆ.

ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ಮೊಲೆಹಾಲಿನ ಕುರಿತು ಒಂದು ದೀರ್ಘ ಸೂಕ್ತ ಇದೆ. ವಿಚ್ಛೇದನದ ಪ್ರಸ್ತಾಪದ ನಡುವೆ ಬರುವ ಮಾತದು. ಅಂದರೆ ಪರಸ್ಪರ ಮುಖ ನೋಡಲೂ ಇಷ್ಟವಿಲ್ಲದ ಇಬ್ಬರ ನಡುವೆ ಸಿಕ್ಕಿಕೊಂಡ ಕೂಸಿನ ಬಗ್ಗೆ. ಹಾಲು ಬಿಡಿಸುವುದಾದರೂ ಇಬ್ಬರೂ ಒಪ್ಪಿ, ಸಮಾಲೋಚಿಸಿ ಬಿಡಿಸಬೇಕು ಎನ್ನುತ್ತದೆ ಅದು. ತಾಯಿಗಾಗಲಿ, ತಂದೆಗಾಗಲಿ ಮಗುವಿನ ಕಾರಣದಿಂದ ಹಾನಿಯಾಗಬಾರದು ಎನ್ನುತ್ತದೆ. ಇಷ್ಟನ್ನು ಪ್ರವಚನಗಳಲ್ಲಿ ಕೇಳಿರುತ್ತೇವೆ. ಅದರ ಮುಂದಿನ ಮಾತನ್ನು ಅಷ್ಟಾಗಿ ಕೇಳಿರುವುದಿಲ್ಲ: ಬೇರೆ ಹೆಂಗಸಿನಿಂದ ಹಾಲೂಡಿಸುವುದಿದ್ದರೆ ಆಗಬಹುದು, ಆದರೆ ಅವಳಿಗೆ ಕೊಡಬೇಕಾದ್ದನ್ನು ರೀತಿಯಂತೆ ಕೊಟ್ಟಿರಬೇಕು. ಮಗುವಿನ ಹಿತ, ಹೆತ್ತವರ ಒಪ್ಪಿಗೆ, ಸಾಕುವವಳ ಕೂಲಿ, ಮೂರೂ ಒಂದೇ ಉಸಿರಿನಲ್ಲಿ.

ಬೇಬಿ ಸಿಟ್ಟಿಂಗಿಗೆ ಮಗುವನ್ನು ಸೇರಿಸುವಾಗ ಸಾಮಾನ್ಯವಾಗಿ ಲಸಿಕೆಯ ಕಾರ್ಡು, ಮೂರು ಫೋನ್ ನಂಬರು ಕೇಳುತ್ತಾರೆ. ಮನೆಯಲ್ಲಿ ಯಾವ ಭಾಷೆಯಲ್ಲಿ ಜೋಗುಳ ಹಾಡುತ್ತೀರಿ, ಎತ್ತಿಕೊಂಡು ಮಲಗಿಸುತ್ತೀರೋ ತೊಟ್ಟಿಲಲ್ಲೋ, ಉಚ್ಚೆ ಬಂದರೆ ಹೇಗೆ ತಿಳಿಸುತ್ತದೆ ಎಂದು ಕೇಳಲು ಹೆಚ್ಚೆಂದರೆ ಇನ್ನೊಂದು ಹಾಳೆ ಬೇಕು. ಮನೆಗೆ ಆಯಾಳನ್ನು ಗೊತ್ತು ಮಾಡುವಾಗಲೂ ನಾವು ಆಧಾರ್ ಕಾರ್ಡಿನ ಜೆರಾಕ್ಸ್ ಕೇಳುತ್ತೇವೆ, ಇದಕ್ಕೆ ಮೊದಲು ಎಲ್ಲಿ ಕೆಲಸಕ್ಕಿದ್ದಿರಿ ಎಂದು ಕೇಳುತ್ತೇವೆ. ನೀವು ನಿಮ್ಮ ಮಕ್ಕಳನ್ನು ಹೇಗೆ ಸಾಕಿದಿರಿ ಎಂದು ಕೇಳುವವರು ಕಡಿಮೆ. ಕೇಳಿದರೆ ಎಷ್ಟೋ ಸಲ ಸಿಗುವ ಉತ್ತರ, ಅವಳ ಸಣ್ಣದೂ ಇನ್ನೂ ಕೈಕೂಸೇ, ಅದು ಊರಿನಲ್ಲಿ ಅವಳ ತಾಯಿಯ ಬಳಿ ಇದೆ ಎಂಬುದು. ಆ ಮಗುವಿಗೆ ಜ್ವರ ಬಂದಿದೆಯೆಂದು ಫೋನ್ ಬಂದ ದಿನವೂ ಅವಳು ನಮ್ಮ ಮಗುವಿಗೆ ನಾವು ಹೇಳಿದಂತೆಯೇ, ಬಟ್ಟಲನ್ನು ಮುಂದಿಟ್ಟು, ಕೈಮುಟ್ಟದೆ, ತಾನೇ ತಿನ್ನಲಿ ಎಂದು ಕಾಯುತ್ತಾ ಕೂತಿರುತ್ತಾಳೆ.